ಮುಳ್ಳು ಕೆಳಗಿಳಿದಾಗ ನಿಶ್ಚಿಂತರಾಗಬೇಡಿ: ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಕಾದ ಇಂಜಿನ್ನಿನ ತಾಪಮಾನ ತೋರಿಸುವ ಮುಳ್ಳು, ನೀವು ಏನೂ ಮಾಡದೆಯೇ ಇದ್ದಕ್ಕಿದ್ದಂತೆ ಕೆಳಗಿಳಿದರೆ ಇಂಜಿನ್ ತಣ್ಣಗಾಯಿತೆಂದು ದಯವಿಟ್ಟು ತಿಳಿಯಬೇಡಿ. ಕಳೆದ ಏಪ್ರಿಲ್‌ನಲ್ಲಿ ನಾನು ಹಾಗೆ ತಿಳಿದು ಇನ್ನೂ ಎರಡು ಸಾಲು ರೋಟವೇಟರ್ (ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ಯಂತ್ರ) ಹೊಡೆದೆ. ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಸೊಟ್ಟಾಯಿತು, ಅದರ ಕೆಳಗೆ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟುಹೋಯಿತು, ಸುಮಾರು 40 ಸಾವಿರ ರೂಪಾಯಿ ಖರ್ಚಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ತೋಟದಲ್ಲಿ ಕೆಲಸ ಮಾಡುವ ಹುಡುಗನ ಮುಂಗೈ ಬೆಂದಿತು. ಇದರಲ್ಲಿ ಯಾವುದೂ ಆಗಲೇಬೇಕಾಗಿದ್ದದ್ದಲ್ಲ, ಆದ್ದರಿಂದ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟ. ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರವಿರುವುದರಿಂದ ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗುವುದಿಲ್ಲ. ಹಾಗಾಗಿ ಮೂರು ಸಿಲಿಂಡರಿನ, 24 ಎಚ್‌ಪಿಯ ಮಿನಿ ಟ್ರ್ಯಾಕ್ಟರೊಂದನ್ನು ಇಟ್ಟುಕೊಂಡಿದ್ದೇವೆ. ತೋಟದ ಆಚೆ ಸ್ವಲ್ಪ ಖುಷ್ಕಿ ಜಮೀನಿದ್ದು ಅದರಲ್ಲಿ ಮೆಕ್ಕೆಜೋಳ ಹಾಕುತ್ತೇವೆ. ಡಿಸೆಂಬರ್‌ನಲ್ಲಿ ತೆನೆ ಬಿಡಿಸುವ ಯಂತ್ರಕ್ಕೆ ಇದೇ ಟ್ರ್ಯಾಕ್ಟರಿನ ಪಿಟಿಒ (ಇಂಜಿನ್ನಿನ ಶಕ್ತಿಯಿಂದ ಬೇರೆ ಯಂತ್ರವನ್ನು ತಿರುಗಿಸುವ ದಂಡ) ಕೊಟ್ಟು ನಾಲ್ಕು ದಿನ ಓಡಿಸಿದ್ದೆವು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ಹೊಟ್ಟು ಮತ್ತು ರವದಿಯ ಪುಡಿ ಇಡೀ ಬಾನೆಟ್ ಮೇಲೆ ಕೂತಿತ್ತು. ಕೆಲಸ ಮುಗಿದ ಮೇಲೆ ಮುಂದಿನ ಜಾಲರಿಯನ್ನು ಪೊರಕೆಯಿಂದ ಗುಡಿಸಿ, ಹೊರಗಿನಿಂದ ಚೊಕ್ಕಟವಾಗಿ ಕಾಣುವಂತೆ ಮಾಡಿ ನಿಲ್ಲಿಸಿದೆ. ಆ ಜಾಲರಿಗೂ, ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ತೆಳು ತಗಡುಗಳಿಗೂ ನಡುವೆ ಏನು ಸೇರಿಕೊಂಡಿದೆ ಎಂದು ಬಗ್ಗಿ ನೋಡಲಿಲ್ಲ. ತಪ್ಪು ಶುರುವಾದದ್ದು ಅಲ್ಲಿಂದಲೇ.

ಬೇಸಿಗೆಯ ಉಳುಮೆಗೆ ಇಳಿದಾಗ, ಅರ್ಧ ಗಂಟೆ ರೋಟವೇಟರ್ ಎಳೆದರೆ ಸಾಕು, ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ಹತ್ತು ನಿಮಿಷ ನಿಲ್ಲಿಸಿದರೆ ಇಳಿಯುತ್ತಿತ್ತು. ಬಿಸಿಲಿನ ಕಾರಣ ಇರಬಹುದೆಂದು ಒಂದು ವಾರ ಕಳೆದೆ, ಬಳಿಕ ಸಮೀಪದ ಊರಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಥರ್ಮೋಸ್ಟಾಟನ್ನು ಕಿತ್ತು ಕೈಗೆ ಕೊಟ್ಟು, “ಇದು ಚಳಿ ದೇಶಕ್ಕೆ ಮಾಡಿದ್ದು, ನಮ್ಮ ಬಿಸಿಲಿಗೆ ಬೇಡ” ಎಂದರು. ಸೋರಿಹೋಗಿದ್ದ ಕೂಲಂಟಿನ (ಇಂಜಿನ್ ತಣಿಸಲು ರೇಡಿಯೇಟರಿಗೆ ಹಾಕುವ ದ್ರವ) ಬದಲಿಗೆ ಬೋರ್‌ವೆಲ್ ನೀರನ್ನು ತುಂಬಿಸಿ ಕಳಿಸಿದರು. ಥರ್ಮೋಸ್ಟಾಟ್ ಬೇಡವೆಂಬ ಮಾತನ್ನು ನಾನು ಅದಕ್ಕೂ ಮುಂಚೆ ಹಲವರ ಬಾಯಲ್ಲಿ ಕೇಳಿದ್ದೆ, ಹಾಗಾಗಿ ಅನುಮಾನ ಬರಲಿಲ್ಲ. ನಿಮ್ಮ ಊರಿನಲ್ಲೂ ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ.

ಥರ್ಮೋಸ್ಟಾಟ್ ಚಳಿಗಾಗಿ ಇರುವ ಭಾಗವಲ್ಲ. ಅದರೊಳಗಿನ ಮೇಣ ಕಾದು ಹಿಗ್ಗಿದಾಗ ಕವಾಟ ತೆರೆದುಕೊಳ್ಳುತ್ತದೆ. ಹಲವು ಸಣ್ಣ ಡೀಸೆಲ್ ಇಂಜಿನ್‌ಗಳಲ್ಲಿ ಇದು ಸುಮಾರು 71 ಡಿಗ್ರಿಗೆ ಬಾಯಿ ಬಿಡತೊಡಗಿ 85ರ ಆಸುಪಾಸಿನಲ್ಲಿ ಪೂರ್ತಿ ತೆರೆಯುತ್ತದೆ. ಇಂಜಿನ್ ಕೆಲಸಕ್ಕೆ ಬೇಕಾದ ಬಿಸಿಯನ್ನು ಮುಟ್ಟುವವರೆಗೆ ನೀರನ್ನು ಒಳಗೇ ಸುತ್ತಿಸಿ, ಆಮೇಲೆ ರೇಡಿಯೇಟರಿಗೆ ಬಿಡುವುದು ಅದರ ಕೆಲಸ. ಅದನ್ನು ಕಿತ್ತರೆ ಹಗುರ ಕೆಲಸದಲ್ಲಿ ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಮಸಿ ಹೆಚ್ಚುತ್ತದೆ. ಭಾರದ ಕೆಲಸದಲ್ಲಿಯೂ ಲಾಭವಿಲ್ಲ, ಏಕೆಂದರೆ ಶಾಖವನ್ನು ಹೊರಹಾಕಬೇಕಾದ ರೇಡಿಯೇಟರೇ ಮುಚ್ಚಿಹೋಗಿದ್ದರೆ ಅದಕ್ಕೆ ಎಷ್ಟು ನೀರು ಹೋದರೇನು? ಥರ್ಮೋಸ್ಟಾಟ್ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಅಡುಗೆಮನೆಯ ಪಾತ್ರೆಯೊಂದರಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟು, ಬಾಯಿ ತೆರೆಯುತ್ತದೆಯೇ ಎಂದು ನೋಡಿಯೇ ತಿಳಿಯಬಹುದು. ನಮ್ಮದನ್ನು ಆಮೇಲೆ ಹೀಗೆಯೇ ಪರೀಕ್ಷಿಸಿದಾಗ ಅದು ಪೂರ್ತಿ ಸರಿಯಾಗಿತ್ತು.

ಆ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮುಳ್ಳು ಕೆಂಪಿಗೆ ತಾಗಿತು. ಸಾಲಿನ ಕೊನೆಗೆ ಹೋಗಿ ನಿಲ್ಲಿಸೋಣವೆಂದು ಮುಂದುವರಿಯುತ್ತಿದ್ದಾಗಲೇ ಮುಳ್ಳು ಸರ್ರನೆ ಇಳಿದು ಅರ್ಧಕ್ಕೆ ಬಂತು. ಸಮಾಧಾನದಿಂದ ಇನ್ನೆರಡು ಸಾಲು ಹೊಡೆದೆ. ನಿಜ ಏನೆಂದರೆ, ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳಬಲ್ಲದು. ನೀರು ಕುದಿದು ಹೊರಬಿದ್ದು, ಸೆನ್ಸರಿನ ಸುತ್ತ ಗಾಳಿ ಮತ್ತು ಉಗಿ ಮಾತ್ರ ಉಳಿದಾಗ ಅದಕ್ಕೆ ಮೊದಲಿನಷ್ಟು ಶಾಖ ತಾಗುವುದಿಲ್ಲ, ಮುಳ್ಳು ಕೆಳಗೆ ಬೀಳುತ್ತದೆ. ಅಂದರೆ ಮುಳ್ಳು ಇಳಿದ ಆ ಗಳಿಗೆಯಲ್ಲೇ ಇಂಜಿನ್ ನೀರಿಲ್ಲದೆ ಓಡತೊಡಗಿತ್ತು. ಇಂಜಿನ್ನಿನ ಸದ್ದು ಒರಟಾಗಿ, ಎಳೆಯುವ ಶಕ್ತಿ ಕುಂದಿ, ಬಿಳಿ ಹೊಗೆ ಬಂದಾಗಲೇ ನನಗೆ ಎಚ್ಚರವಾದದ್ದು.

ನಿಲ್ಲಿಸಿ ಐದು ನಿಮಿಷವೂ ಆಗಿರಲಿಲ್ಲ, ಜೊತೆಗಿದ್ದ ಹುಡುಗ ಗೋಣಿಚೀಲ ಮಡಚಿ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟ. ಆ ಮುಚ್ಚಳದ ಮೇಲೆ 0.9 ಎಂದು ಬರೆದಿರುತ್ತದೆ, ಒಳಗೆ ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚು ಒತ್ತಡ ನಿಲ್ಲುತ್ತದೆ ಎಂದರ್ಥ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 118ರವರೆಗೆ ನೀರಾಗಿಯೇ ಇರುತ್ತದೆ; ಮುಚ್ಚಳ ಸಡಿಲವಾದ ಕೂಡಲೇ ಒತ್ತಡ ತಪ್ಪಿ, ಉಳಿದ ನೀರಿನ ಒಂದು ಭಾಗ ಒಮ್ಮೆಲೇ ಉಗಿಯಾಗಿ ಬಿಸಿನೀರನ್ನು ಎತ್ತಿ ಎಸೆಯುತ್ತದೆ. ಗೋಣಿ ಅದನ್ನು ತಡೆಯಲಿಲ್ಲ. ಹನಿ ನೀರಾವರಿಯ ಪೈಪ್ ಬಿಚ್ಚಿ ಇಪ್ಪತ್ತು ನಿಮಿಷ ಅವನ ಕೈಮೇಲೆ ತಣ್ಣೀರು ಹರಿಸಿದೆವು, ಬೇರೇನನ್ನೂ ಹಚ್ಚದೆ ಆಸ್ಪತ್ರೆಗೆ ಕರೆದೊಯ್ದೆವು. ಕೈ ಈಗ ವಾಸಿಯಾಗಿದೆ, ಕಲೆ ಉಳಿದಿದೆ. ರೇಡಿಯೇಟರಿನ ಮೇಲಿನ ಪೈಪನ್ನು ಕೈಯಿಂದ ಹಿಚುಕಬಹುದಾದಷ್ಟು ತಣ್ಣಗಾಗುವ ತನಕ ಮುಚ್ಚಳದ ಹತ್ತಿರ ಯಾರನ್ನೂ ಬಿಡಬೇಡಿ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಎರಡನೆಯ ಮೆಕ್ಯಾನಿಕ್ ದಾವಣಗೆರೆಯವರು, ವಯಸ್ಸಾದವರು. ಅವರು ಮೊದಲು ಮಾಡಿದ ಕೆಲಸವನ್ನು ನಾನು ಮರೆಯಲಾರೆ. ರೇಡಿಯೇಟರನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಸೂರ್ಯನ ಕಡೆಗೆ ಹಿಡಿದು, ನನ್ನನ್ನು ಹಿಂದೆ ನಿಂತು ನೋಡಲು ಹೇಳಿದರು. ಮೇಲಿನ ಭಾಗದಲ್ಲಿ ಜೇನುಗೂಡಿನಂತೆ ಬೆಳಕು ಕಂಡಿತು, ಕೆಳಗಿನ ಅರ್ಧದಲ್ಲಿ ಒಂದು ಚುಕ್ಕಿ ಬೆಳಕೂ ದಾಟಲಿಲ್ಲ. ಡಿಸೆಂಬರ್‌ನ ಹೊಟ್ಟು ಎಣ್ಣೆಯ ಜಿಡ್ಡಿನೊಂದಿಗೆ ಸೇರಿ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿದಾಗ ಪದರವಾಗಿಯೇ ಕೈಗೆ ಬಂತು. ಕಾರಿಗಾದರೆ ಓಡುವ ವೇಗದ ಗಾಳಿಯ ಸಹಾಯವಿದೆ. ರೋಟವೇಟರ್ ಕಟ್ಟಿಕೊಂಡ ಮಿನಿ ಟ್ರ್ಯಾಕ್ಟರ್ ಮನುಷ್ಯ ನಡೆಯುವ ವೇಗದಲ್ಲಿ, ಪೂರ್ತಿ ಭಾರ ಹೊತ್ತು ಸಾಗುವುದರಿಂದ ಫ್ಯಾನ್ ಎಳೆದಷ್ಟೇ ಗಾಳಿ. ಆ ದಾರಿಯೂ ಅರ್ಧ ಮುಚ್ಚಿತ್ತು. ಮೇಲಾಗಿ ಬೆಲ್ಟ್ ಸಡಿಲವಾಗಿತ್ತು: ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕಾದದ್ದು ಎರಡು ಬೆರಳಿನ ಅಗಲ ಬಗ್ಗುತ್ತಿತ್ತು.

ಹೆಡ್ ಬಿಚ್ಚಿದ ಮೇಲೆ ಉಕ್ಕಿನ ನೇರ ಪಟ್ಟಿಯನ್ನು ಅದರ ಮೇಲಿಟ್ಟು ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿದರು. ಇಂಥ ಸಣ್ಣ ಇಂಜಿನ್‌ಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದಂತೆ, ನಮ್ಮದರಲ್ಲಿ 0.15ರ ಎಲೆ ಸರಾಗವಾಗಿ ಹೋಯಿತು. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಕರಕಲಾಗಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಬೆರೆತ ಚಹದಂತೆ ಇತ್ತು, ನೀರು ಅದರೊಳಗೂ ಇಳಿದಿತ್ತು. ಬೋರ್‌ವೆಲ್ ನೀರು ತುಂಬಿ ವಾರಗಳಷ್ಟೇ ಆಗಿದ್ದರೂ, ದಿನವೂ ಆವಿಯಾಗಿ ಹೋದಷ್ಟನ್ನು ಮತ್ತೆ ಮತ್ತೆ ತುಂಬಿದ್ದರಿಂದ ನಳಿಕೆಗಳ ಬಾಯಲ್ಲಿ ನೀರು ಕಾಯಿಸುವ ಹಂಡೆಯಲ್ಲಿ ಕಾಣುವಂಥದೇ ಬಿಳಿ ಪದರ ಕಟ್ಟತೊಡಗಿತ್ತು. ನಮ್ಮ ಕಡೆಯ ಗಡಸು ನೀರು ರೇಡಿಯೇಟರಿಗೆ ಬೇಡವೇ ಬೇಡ. ಬ್ಯಾಟರಿಗೆ ಹಾಕುವ ಶುದ್ಧ ನೀರು ಅರ್ಧ, ಕೂಲಂಟ್ ಅರ್ಧ ಬೆರೆಸಿ ಹಾಕಿ, ಇಲ್ಲವೇ ಬೆರೆಸಿಯೇ ಮಾರುವುದನ್ನು ತನ್ನಿ. ತೆಗೆದ ಹಳೆಯ ಕೂಲಂಟನ್ನು ಮಾತ್ರ ಬಚ್ಚಲಿಗೋ ಬಯಲಿಗೋ ಚೆಲ್ಲಬೇಡಿ: ಹೆಚ್ಚಿನವುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ನಾಯಿ, ದನಕರುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಇಂಜಿನ್ ಯಾವಾಗ ಕಾಯುತ್ತದೆ ಎಂಬುದನ್ನು ಗಮನಿಸಿದ್ದರೆ ಕಾರಣ ನನಗೆ ಮೊದಲೇ ಗೊತ್ತಾಗುತ್ತಿತ್ತು ಎಂದು ಅವರು ಹೇಳಿದರು. ಭಾರ ಎಳೆಯುವಾಗ ಮಾತ್ರ, ಅರ್ಧ ಗಂಟೆಯ ಮೇಲೆ ಕಾಯುವುದಾದರೆ ಮೊದಲು ಗಾಳಿಯ ದಾರಿ ಮತ್ತು ಬೆಲ್ಟ್ ನೋಡಬೇಕು. ತಣ್ಣಗಿದ್ದ ಇಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಕ್ಕೆ ಕಾದು, ಮೇಲಿನ ಪೈಪ್ ಇನ್ನೂ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿರುವ ಅನುಮಾನ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿದಾಗ ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ, ಅದಕ್ಕೆ ನೀರು ತುಂಬಿಸುವುದು ಉಪಾಯವಲ್ಲ.

ಮುಳ್ಳು ಏರುತ್ತಿರುವುದು ಕಂಡರೆ ರೋಟವೇಟರ್ ಎತ್ತಿ, ಪಿಟಿಒ ಬಿಡಿಸಿ, ನೀರು ಸೋರದೆ ಇದ್ದರೆ ಕೆಲ ನಿಮಿಷ ನಿಧಾನ ವೇಗದಲ್ಲಿ ಓಡಲು ಬಿಡಿ. ಉಗಿ ಎದ್ದಿದ್ದರೆ, ಇಲ್ಲವೇ ಏರಿದ್ದ ಮುಳ್ಳು ಭಾರ ಇಳಿಸುವ ಮೊದಲೇ ತಾನಾಗಿ ಬಿದ್ದರೆ, ನಿಂತ ಜಾಗದಲ್ಲೇ ಇಂಜಿನ್ ಬಂದ್ ಮಾಡಿ. ಸಾಲಿನ ಕೊನೆಗೆ ಹೋಗುವುದೂ ಬೇಡ.

ಈಗ ತೆನೆ ಬಿಡಿಸುವಾಗ ಊಟಕ್ಕೆ ನಿಲ್ಲಿಸಿದಾಗೊಮ್ಮೆ, ಸಂಜೆಯೊಮ್ಮೆ ಜಾಲರಿ ಹೊರಗೆಳೆದು ಕೈಬೆರಳಿಂದ ತಗಡುಗಳನ್ನು ಸವರಿ ನೋಡುತ್ತೇನೆ. ಹೊಟ್ಟು ಒಣಗಿರುವಾಗಲೇ, ಇಂಜಿನ್ ನಿಲ್ಲಿಸಿ, ಫ್ಯಾನಿನ ಕಡೆಯಿಂದ ಮುಂದಕ್ಕೆ ಹೋಗುವಂತೆ ಹದವಾದ ಗಾಳಿ ಹಿಡಿಯಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಸೇರುತ್ತದೆ, ಒಣ ಹೊಟ್ಟಿನ ಮೇಲೆ ನೀರು ಬಿಟ್ಟರೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ಪ್ರೆಷರ್ ವಾಷರಿನ ನೀರಿಗೆ ತಗಡುಗಳು ಮಡಚಿಕೊಳ್ಳುತ್ತವೆ. ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಬೆಲೆ ಮಾತಾಡುವ ಮೊದಲು ಮೇಲಿನ ನೀರಿನ ಪೈಪ್ ಇಂಜಿನ್ನಿಗೆ ಸೇರುವ ಕಡೆಯ ಬೋಲ್ಟುಗಳನ್ನು, ಇಂಜಿನ್ ತಣ್ಣಗಿರುವಾಗ, ಎದುರಿಗೇ ಬಿಚ್ಚಿಸಿ ಥರ್ಮೋಸ್ಟಾಟ್ ಅಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಆ ಜಾಗ ಖಾಲಿಯಿದ್ದರೆ, ಅದನ್ನು ಕೀಳುವ ಮುಂಚೆ ಇಂಜಿನ್ ಎಷ್ಟು ಸಲ ಕಾದಿತ್ತು ಎಂದು ಮಾರುವವರನ್ನು ಕೇಳಿ.