ಎಮ್ಯುಲೇಟರ್‌ಗೆ ಲ್ಯಾಪ್‌ಟಾಪ್: ಮೊದಲು ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್

ಹಳೆಯ ಕನ್ಸೋಲ್ ಗೇಮ್‌ಗಳನ್ನು ಲ್ಯಾಪ್‌ಟಾಪ್‌ನಲ್ಲಿ ಆಡಬೇಕು ಅನ್ನುವವರು ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ. ಪಿಸಿ ಗೇಮ್‌ಗಾದರೆ ಅದು ಸರಿಯಾದ ಪ್ರಶ್ನೆ, ಎಮ್ಯುಲೇಟರ್‌ಗಲ್ಲ. ಬೇರೊಂದು ಯಂತ್ರದ ಪ್ರೊಸೆಸರ್‌ಗೆಂದು ಬರೆದ ಆದೇಶಗಳನ್ನು ಗೇಮ್ ನಡೆಯುತ್ತಿರುವಾಗಲೇ ನಮ್ಮ ಪ್ರೊಸೆಸರ್‌ಗೆ ಅರ್ಥವಾಗುವಂತೆ ಬದಲಿಸುವುದು ಎಮ್ಯುಲೇಟರ್, ಅಂದರೆ ಕನ್ಸೋಲನ್ನು ಅನುಕರಿಸುವ ತಂತ್ರಾಂಶದ ಮುಖ್ಯ ಕೆಲಸ. ಸೆಕೆಂಡಿಗೆ 60 ಫ್ರೇಮ್‌ನ ಗೇಮ್ ಆದರೆ ಒಂದೊಂದು ಫ್ರೇಮ್ 16.7 ಮಿಲಿಸೆಕೆಂಡಿನೊಳಗೆ ಮುಗಿಯಲೇಬೇಕು. ತಡವಾದರೆ ಆಟ ನಿಧಾನವಾಗುತ್ತದೆ, ಧ್ವನಿ ಒಡೆಯುತ್ತದೆ. ಈ ಹೊರೆಯ ಬಹುಪಾಲು ಎರಡು ಮೂರು ಥ್ರೆಡ್‌ಗಳ (ಒಂದೊಂದು ಕೋರ್ ಮೇಲೆ ಓಡುವ ಕೆಲಸದ ಎಳೆಗಳ) ಮೇಲೇ ಬೀಳುತ್ತದೆ. ಹಾಗಾಗಿ ಪ್ರೊಸೆಸರ್‌ನ ಒಂದು ಕೋರ್ ಎಷ್ಟು ಚುರುಕಾಗಿದೆ, ಆ ವೇಗವನ್ನು ಎಷ್ಟು ಹೊತ್ತು ಉಳಿಸಿಕೊಳ್ಳುತ್ತದೆ ಅನ್ನುವುದೇ ಮುಖ್ಯ.

ಯಾವ ಕನ್ಸೋಲ್‌ವರೆಗೆ ಆಡಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಪ್ಲೇಸ್ಟೇಷನ್ 1, ಸೂಪರ್ ನಿಂಟೆಂಡೊ, ಪಿಎಸ್‌ಪಿ ಸಾಕು ಅಂದರೆ ಈಗ ಸಿಗುವ ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ನಡೆಯುತ್ತದೆ. ಕಷ್ಟ ಶುರುವಾಗುವುದು ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ವೀಗೆ ಬಂದಾಗ. ಪ್ಲೇಸ್ಟೇಷನ್ 2ರ ಎಮ್ಯುಲೇಟರ್ ಆದ ಪಿಸಿಎಸ್‌ಎಕ್ಸ್2 ತನ್ನ ಕೆಲಸವನ್ನು ಮುಖ್ಯವಾಗಿ ಮೂರಾಗಿ ಹಂಚುತ್ತದೆ: ಕನ್ಸೋಲ್‌ನ ಮುಖ್ಯ ಪ್ರೊಸೆಸರ್ ಆದ ಇಇ, ಚಿತ್ರ ಬಿಡಿಸುವ ಜಿಎಸ್, ಎಂಟಿವಿಯು ಎಂಬ ಸೆಟ್ಟಿಂಗ್ ಆನ್ ಇದ್ದರೆ ಲೆಕ್ಕದ ಘಟಕವಾದ ವಿಯು1. ಗೇಮ್‌ಕ್ಯೂಬ್, ವೀ ಎಮ್ಯುಲೇಟರ್ ಆದ ಡಾಲ್ಫಿನ್‌ನಲ್ಲೂ ಮುಖ್ಯ ಹೊರೆ ಎರಡೇ ಥ್ರೆಡ್‌ಗಳ ಮೇಲೆ. ಇಲ್ಲಿ ನಾಲ್ಕು ಚುರುಕಾದ ಕೋರ್‌ಗಳು ಹನ್ನೆರಡು ಮಂದ ಕೋರ್‌ಗಳಿಗಿಂತ ಎಷ್ಟೋ ಮೇಲು.

ಪ್ಲೇಸ್ಟೇಷನ್ 3ರ ಲೆಕ್ಕವೇ ಬೇರೆ. ಅದರ ಸೆಲ್ ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಕೋರ್ ಜೊತೆಗೆ ಗೇಮ್‌ಗಳ ಬಳಕೆಗೆ ಎಸ್‌ಪಿಯು ಎಂಬ ಆರು ಸಹಾಯಕ ಕೋರ್‌ಗಳಿವೆ. ಅಷ್ಟನ್ನೂ ಒಟ್ಟಿಗೆ ಓಡಿಸುವ ಪಿಎಸ್3 ಎಮ್ಯುಲೇಟರ್ ಆರ್‌ಪಿಸಿಎಸ್3ಗೆ ಆರರಿಂದ ಎಂಟು ಗಟ್ಟಿ ಕೋರ್ ಬೇಕು. ಒಂದೇ ಆದೇಶದಲ್ಲಿ ಹಲವು ಲೆಕ್ಕ ಮಾಡುವ ಎವಿಎಕ್ಸ್-512 ಸೌಲಭ್ಯ ಪ್ರೊಸೆಸರ್‌ನಲ್ಲಿ ಇದ್ದರೆ ಎಸ್‌ಪಿಯು ಕೆಲಸ ಗಮನಾರ್ಹವಾಗಿ ಹಗುರವಾಗುತ್ತದೆ. ಎಎಂಡಿಯ ಝೆನ್ 4 ತಲೆಮಾರಿನ ಚಿಪ್‌ಗಳಲ್ಲಿ ಅದು ಇದೆ, ಇಂಟೆಲ್‌ನ 12, 13ನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಇಲ್ಲ. ಪಿಎಸ್3 ಗೇಮ್‌ಗಳೇ ಗುರಿಯಾದರೆ ರೈಜೆನ್ 7 7840ಎಚ್‌ಎಸ್ ಅಥವಾ 8845ಎಚ್‌ಎಸ್ ಇರುವ ಲ್ಯಾಪ್‌ಟಾಪ್ ಹುಡುಕಿ. ಎರಡರಲ್ಲೂ ಎಂಟು ಝೆನ್ 4 ಕೋರ್‌ಗಳಿವೆ.

ಹೆಚ್ಚಿನವರು ಮೋಸ ಹೋಗುವುದು ಚಿಪ್‌ನ ಹೆಸರಿನಲ್ಲಿ. ರೈಜೆನ್ 5 7520ಯು ಮತ್ತು ರೈಜೆನ್ 5 7640ಯು ಒಂದೇ ಸರಣಿಯ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಈ ಸರಣಿಯಲ್ಲಿ ತಲೆಮಾರನ್ನು ಹೇಳುವುದು ಮೂರನೇ ಅಂಕಿ: 2 ಅಂದರೆ ಝೆನ್ 2, 3 ಅಂದರೆ ಝೆನ್ 3 ಅಥವಾ 3+, 4 ಅಂದರೆ ಝೆನ್ 4. 7520ಯುನಲ್ಲಿ ನಾಲ್ಕು ಝೆನ್ 2 ಕೋರ್, ಎರಡೇ ಎರಡು ಗ್ರಾಫಿಕ್ಸ್ ಯೂನಿಟ್. ಪಿಎಸ್2ರ ಭಾರದ ಗೇಮ್‌ಗಳಿಗೆ ಅದು ಬೇಡವೇ ಬೇಡ. ಇಂಟೆಲ್‌ನಲ್ಲಿ ಬಲೆ ಇರುವುದು ಕೋರ್‌ಗಳ ಸಂಖ್ಯೆಯಲ್ಲಿ. ಐ5-1335ಯು ಪೆಟ್ಟಿಗೆಯ ಮೇಲೆ 10 ಕೋರ್ ಅಂತಿರುತ್ತದೆ. ಅದರಲ್ಲಿ ವೇಗದ ಪಿ-ಕೋರ್ ಎರಡು ಮಾತ್ರ, ಉಳಿದ ಎಂಟು ವಿದ್ಯುತ್ ಉಳಿಸುವ ಇ-ಕೋರ್. ಹೆಸರಿನ ಕೊನೆಗೆ ಎಚ್ ಇರುವ ಐ5-12500ಎಚ್‌ನಲ್ಲಿ ನಾಲ್ಕು ಪಿ-ಕೋರ್‌ಗಳಿವೆ, ಜೊತೆಗೆ ಅವಕ್ಕೆ ಹರಿಯುವ ವಿದ್ಯುತ್ತೂ ಹೆಚ್ಚು: ಯು ಚಿಪ್‌ಗಳಿಗೆ ಮೂಲ ಮಿತಿ 15 ವ್ಯಾಟ್, ಎಚ್ ಚಿಪ್‌ಗಳಿಗೆ 45.

ರ‍್ಯಾಮ್ ವಿಷಯದಲ್ಲಿ 16 ಜಿಬಿ ಇರಲಿ. ಅದಕ್ಕಿಂತ ಮುಖ್ಯ ಅದು ಡ್ಯುಯಲ್ ಚಾನೆಲ್ ಆಗಿರುವುದು, ಅಂದರೆ ದತ್ತಾಂಶ ಎರಡು ದಾರಿಗಳಲ್ಲಿ ಒಟ್ಟಿಗೆ ಹರಿಯುವುದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಚಿತ್ರದ ಕೆಲಸವೂ ಇದೇ ರ‍್ಯಾಮ್‌ನಿಂದ ನಡೆಯಬೇಕು, ಒಂದೇ ಚಾನೆಲ್ ಆದರೆ ಸಿಗುವ ಬ್ಯಾಂಡ್‌ವಿಡ್ತ್ ಅರ್ಧ. ಇಂಟೆಲ್ ಐರಿಸ್ ಎಕ್ಸ್ಇ ಎಂದು ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಪತ್ತೆ ಮಾಡುವುದು ಬಲು ಸುಲಭ: ಸಿಂಗಲ್ ಚಾನೆಲ್ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಹೆಸರು ಬರೀ ಯುಎಚ್‌ಡಿ ಗ್ರಾಫಿಕ್ಸ್ ಎಂದು ಬರುತ್ತದೆ. ಎರಡನೇ ಸ್ಲಾಟ್ ಖಾಲಿ ಇದ್ದರೆ ಇನ್ನೊಂದು ಮಾಡ್ಯೂಲ್ ಹಾಕಿ ಸರಿಮಾಡಬಹುದು. ಬೋರ್ಡ್‌ಗೇ ಬೆಸುಗೆ ಹಾಕಿದ್ದರೆ ಕೊಂಡದ್ದೇ ಕೊನೆ.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ತೀರ್ಪು ಹೀಗಿದೆ. ತೆಳ್ಳಗಿನ ಯು ಚಿಪ್ ಲ್ಯಾಪ್‌ಟಾಪ್ ಪಿಎಸ್‌ಪಿ, ಡ್ರೀಮ್‌ಕಾಸ್ಟ್, ಗೇಮ್‌ಕ್ಯೂಬ್‌ನ ಹಗುರ ಗೇಮ್‌ಗಳಿಗೆ ಸೈ. ಪಿಎಸ್2ರ ಎಲ್ಲ ಗೇಮ್‌ಗಳನ್ನೂ ಅದರಿಂದ ನಿರೀಕ್ಷಿಸಬಾರದು. ಒಳಗೇ ರೇಡಿಯಾನ್ 780ಎಂ ಗ್ರಾಫಿಕ್ಸ್ ಇರುವ ಎಚ್‌ಎಸ್ ಚಿಪ್ ಲ್ಯಾಪ್‌ಟಾಪ್ ಹೆಚ್ಚಿನವರಿಗೆ ಒಪ್ಪುವ ಆಯ್ಕೆ. ಪಿಸಿಎಸ್‌ಎಕ್ಸ್2ರಲ್ಲಿ ಕನ್ಸೋಲ್‌ನ ಮೂರರಷ್ಟು (3ಎಕ್ಸ್) ರೆಸಲ್ಯೂಶನ್, ಅಂದರೆ ಸುಮಾರು 1080ಪಿ, ಬಹುಪಾಲು ಗೇಮ್‌ಗಳಲ್ಲಿ ಸಲೀಸು. ಪ್ರತ್ಯೇಕ ಕಾರ್ಡ್ ಬೇಕಾಗುವುದು 6ಎಕ್ಸ್‌ಗೆ ಏರಿಸಿ 4ಕೆ ಟಿವಿಗೆ ಜೋಡಿಸುವವರಿಗೆ, ಅಥವಾ ಹೊಸ ಪಿಸಿ ಗೇಮ್‌ಗಳನ್ನೂ ಆಡುವವರಿಗೆ. ಆರ್‌ಟಿಎಕ್ಸ್ 4050 ಇದಕ್ಕೆ ಧಾರಾಳ. ಮಂದ ಪ್ರೊಸೆಸರ್ ಜೊತೆ 4070 ಹಾಕಿದರೆ ಎಮ್ಯುಲೇಟರ್‌ಗೆ ಲಾಭವಿಲ್ಲ. ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಎಮ್ಯುಲೇಟರನ್ನು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೇ ಕಳಿಸುವುದುಂಟು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಗ್ರಾಫಿಕ್ಸ್ ತೆರೆದು, ಎಮ್ಯುಲೇಟರ್ ಫೈಲ್ ಸೇರಿಸಿ, ಹೈ ಪರ್ಫಾರ್ಮೆನ್ಸ್ ಆರಿಸಿ.

ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್‌ನಂಥ ಆರ್ಮ್ ಲ್ಯಾಪ್‌ಟಾಪ್‌ಗಳನ್ನು ಈ ಕೆಲಸಕ್ಕೆ ಶಿಫಾರಸು ಮಾಡಲಾಗದು. ಡಾಲ್ಫಿನ್‌ಗೆ ಆರ್ಮ್ ಆವೃತ್ತಿ ಇದೆ ನಿಜ, ಆದರೆ ಪಿಸಿಎಸ್‌ಎಕ್ಸ್2 ಇಂಟೆಲ್, ಎಎಂಡಿ ಚಿಪ್‌ಗಳ ಎಕ್ಸ್86 ಭಾಷೆಗೆಂದೇ ಬರೆದದ್ದು. ಆರ್ಮ್ ವಿಂಡೋಸ್‌ನಲ್ಲಿ ಅದು ಅನುವಾದದ ಮೇಲೆ ಇನ್ನೊಂದು ಅನುವಾದವಾಗಿ ಓಡಬೇಕಾಗುತ್ತದೆ. ಸ್ವಿಚ್ ಎಮ್ಯುಲೇಟರ್ ಒಂದನ್ನೇ ನಂಬಿಯೂ ಲ್ಯಾಪ್‌ಟಾಪ್ ಕೊಳ್ಳಬೇಡಿ: 2024ರ ಮಾರ್ಚ್‌ನಲ್ಲಿ ಯೂಝು, ಅಕ್ಟೋಬರ್‌ನಲ್ಲಿ ರ‍್ಯುಜಿನ್ಕ್ಸ್ ನಿಂತುಹೋದವು.

ಪರದೆ 120 ಹರ್ಟ್ಜ್ ಇದ್ದರೆ 60 ಫ್ರೇಮ್‌ಗೆ ಸರಿಯಾಗಿ ಎರಡರಷ್ಟಾಗಿ ಚಲನೆ ನಯವಾಗಿರುತ್ತದೆ. 144 ಆದರೆ ಗೇಮ್‌ನ ವೇಗಕ್ಕೆ ಪರದೆಯ ವೇಗವನ್ನು ಹೊಂದಿಸುವ ವಿಆರ್‌ಆರ್ ಇರಲೇಬೇಕು. ಸಂಗ್ರಹಕ್ಕೆ 1 ಟಿಬಿ ಎಸ್‌ಎಸ್‌ಡಿ. ಗೇಮ್‌ಕ್ಯೂಬ್ ಡಿಸ್ಕ್ 1.46 ಜಿಬಿ ಅಷ್ಟೇ, ಪಿಎಸ್3 ಬ್ಲೂ-ರೇ 50 ಜಿಬಿವರೆಗೆ ಹೋಗುತ್ತದೆ. ಪಿಎಸ್2 ಎಮ್ಯುಲೇಟರ್‌ಗೆ ಬೇಕಾದ ಕನ್ಸೋಲ್‌ನ ಮೂಲ ತಂತ್ರಾಂಶ ಬಯೋಸನ್ನು ನಿಮ್ಮದೇ ಕನ್ಸೋಲ್‌ನಿಂದ ತೆಗೆದುಕೊಳ್ಳಬೇಕು. ಪಿಎಸ್3 ಫರ್ಮ್‌ವೇರ್ ಸೋನಿಯ ತಾಣದಲ್ಲೇ ಉಚಿತ.

ಲ್ಯಾಪ್‌ಟಾಪ್ ಕೈಸೇರಿದ ಮೇಲೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಪರೀಕ್ಷೆ ಮಾಡಿ. ಚಾರ್ಜರ್ ಹಾಕಿ, ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟು, ಪಿಸಿಎಸ್‌ಎಕ್ಸ್2ರ ಓಎಸ್‌ಡಿಯಲ್ಲಿ (ಪರದೆಯ ಮೇಲೆ ಮೂಡುವ ಮಾಹಿತಿಯಲ್ಲಿ) ಸ್ಪೀಡ್, ಸಿಪಿಯು (ಪ್ರೊಸೆಸರ್), ಜಿಪಿಯು (ಗ್ರಾಫಿಕ್ಸ್) ಶೇಕಡಾವಾರು ತೋರಿಸುವಂತೆ ಮಾಡಿ, ಭಾರದ ಗೇಮ್ ಒಂದನ್ನು ಅರ್ಧ ಗಂಟೆ ಎಡೆಬಿಡದೆ ಓಡಿಸಿ. ಸ್ಪೀಡ್ 100ಕ್ಕಿಂತ ಕೆಳಗಿಳಿದಾಗ ಜಿಪಿಯು 100ರ ಹತ್ತಿರ ಇದ್ದರೆ ಗಾಬರಿ ಬೇಡ. ರೆಸಲ್ಯೂಶನ್ ಒಂದು ಹಂತ ಇಳಿಸಿ, ಬ್ಲೆಂಡಿಂಗ್ ಅಕ್ಯುರಸಿಯನ್ನು ಬೇಸಿಕ್‌ಗೆ ತನ್ನಿ. ಡಾಲ್ಫಿನ್‌ನಲ್ಲಿ ಹೊಸ ದೃಶ್ಯ ಬಂದಾಗಲಷ್ಟೇ ಒಂದು ಕ್ಷಣ ತಡವರಿಸಿದರೆ ಅದು ಶೇಡರ್ (ಚಿತ್ರ ಬಿಡಿಸಲು ಗ್ರಾಫಿಕ್ಸ್‌ಗೆ ಕೊಡುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವ ಸಮಯ. ಹೈಬ್ರಿಡ್ ಉಬರ್‌ಶೇಡರ್ಸ್ ಆರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಪಿಸಿಎಸ್‌ಎಕ್ಸ್2ರಲ್ಲಿ ಇಇ, ಜಿಎಸ್, ವಿಯು ಪೈಕಿ ಯಾವುದಾದರೂ 100ರ ಬಳಿ ನಿಂತಿದ್ದರೆ ಪ್ರೊಸೆಸರ್ ಸೋತಿದೆ ಎಂದರ್ಥ.

ಮೊದಲ ಐದು ನಿಮಿಷ ಚೆನ್ನಾಗಿದ್ದು ಆಮೇಲೆ ಸೋತರೆ ಎಚ್‌ಡಬ್ಲ್ಯುಇನ್ಫೋ ಎಂಬ ತಪಾಸಣೆ ತಂತ್ರಾಂಶ ತೆರೆದು ಕೋರ್ ವೇಗ ಮತ್ತು ಉಷ್ಣತೆ ಎರಡನ್ನೂ ಒಟ್ಟಿಗೆ ನೋಡಿ. ಉಷ್ಣತೆ 95 ಡಿಗ್ರಿ ದಾಟಿ ವೇಗ ಕುಸಿದಿದ್ದರೆ ಕೂಲಿಂಗ್ ಸಾಲದು. ಹಿಂಭಾಗ ಎತ್ತರಿಸಿ ಗಾಳಿಗೆ ದಾರಿ ಮಾಡಿದರೆ ಸ್ವಲ್ಪ ಚೇತರಿಸಿಕೊಳ್ಳಬಹುದು. ಉಷ್ಣತೆ 70ರ ಆಸುಪಾಸಿನಲ್ಲೇ ಇದ್ದೂ ವೇಗ ಇಳಿದಿದ್ದರೆ ತಯಾರಕರೇ ವ್ಯಾಟ್ ಮಿತಿ ಹಾಕಿರುವ ಸಾಧ್ಯತೆ ಹೆಚ್ಚು. ಅವರದೇ ಕಂಟ್ರೋಲ್ ಆಪ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಹಾಕಿ ನೋಡಿ, ಜೊತೆಗೆ ಬಂದ ಮೂಲ ಚಾರ್ಜರನ್ನೇ ಬಳಸಿ. ಆಗಲೂ ಏರದಿದ್ದರೆ ಹಿಂದಿರುಗಿಸಿ, ಅದೇ ಚಿಪ್‌ಗೆ ಹೆಚ್ಚು ವ್ಯಾಟ್ ಕೊಡುವ ಬೇರೆ ಮಾಡೆಲ್ ತೆಗೆದುಕೊಳ್ಳಿ.