ದುಡ್ಡು ಕಡಿಮೆ ಇದ್ದದ್ದಕ್ಕೆ ದಂಡ: ಒಂದು ವರ್ಷ ನಾಲ್ಕು ಖಾತೆ ಇಟ್ಟು ನೋಡಿದ ಲೆಕ್ಕ

ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುವವಳು. ಧಣಿಗಳ ಪುಸ್ತಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಅದು ಸಿಗುವವರೆಗೆ ಮನೆಗೆ ಹೊರಡುವುದಿಲ್ಲ. ನನ್ನದೇ ಬ್ಯಾಂಕ್ ಖಾತೆಯ ವಿವರವನ್ನು ಮಾತ್ರ ಇಡೀ 2024ರಲ್ಲಿ ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಜನವರಿಯಲ್ಲಿ ಒಂದು ಭಾನುವಾರ ಕುಳಿತು ಕೂಡಿಸಿದೆ. ಬಂದ ಬಡ್ಡಿ ₹211. ಹೋದ ಶುಲ್ಕ ₹1,117.46.

ಆ ಖಾತೆ ಹಿಂದಿನ ಕೆಲಸದಲ್ಲಿ ಸಂಬಳಕ್ಕೆಂದು ತೆರೆದದ್ದು. ಕೆಲಸ ಬಿಟ್ಟ ಮೇಲೆ ಅದು ಸದ್ದಿಲ್ಲದೆ ಸಾಮಾನ್ಯ ಉಳಿತಾಯ ಖಾತೆಯಾಗಿ, ತಿಂಗಳಿಗೆ ಸರಾಸರಿ ₹10,000 ಇರಬೇಕೆಂಬ ನಿಯಮ ಅದಕ್ಕೆ ಅಂಟಿಕೊಂಡಿತ್ತು. ಇಲ್ಲಿ ‘ಸರಾಸರಿ’ ಎಂಬ ಪದವೇ ಎಡವುವ ಕಲ್ಲು. ಜೂನ್ ತಿಂಗಳ ಉದಾಹರಣೆ ಕೊಡುತ್ತೇನೆ. ಮೊದಲ 12 ದಿನ ಖಾತೆಯಲ್ಲಿ ₹14,000 ಇತ್ತು. ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ₹12,000 ತೆಗೆದೆ. ಉಳಿದ 18 ದಿನ ₹2,000. ದಿನದ ಕೊನೆಯ ಶಿಲ್ಕುಗಳನ್ನೆಲ್ಲ, ಅಂದರೆ ಖಾತೆಯಲ್ಲಿ ಉಳಿದ ಹಣವನ್ನೆಲ್ಲ, ಕೂಡಿಸಿ 30ರಿಂದ ಭಾಗಿಸಿದರೆ ₹6,800. ಕೊರತೆ ₹3,200, ದಂಡ ಅದರ ಶೇ 6 ಎಂದರೆ ₹192, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ₹226.56. ಅಮ್ಮನ ಕಣ್ಣಿಗೆ ಹಾಕುವ ಹನಿ ಮದ್ದಿಗೂ ಅಷ್ಟು ಆಗಿರಲಿಲ್ಲ.

ಇಂಥ ದಂಡ ನಾಲ್ಕು ತಿಂಗಳು ಸೇರಿ ₹736.32. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಜಿಎಸ್‌ಟಿ ಸೇರಿ ₹236. ಎಸ್ಎಂಎಸ್ ಕಳಿಸಿದ್ದಕ್ಕೆ ಮೂರು ತಿಂಗಳಿಗೊಮ್ಮೆ ₹17.70. ದಂಡ ಬೀಳಲಿದೆ ಎಂದು ಎಚ್ಚರಿಸುವ ಸಂದೇಶವೂ ಬಂದಿತ್ತಂತೆ. ಹುಡುಕಿದರೆ ಅದೇ ಬ್ಯಾಂಕಿನ ಸಾಲದ ಜಾಹೀರಾತುಗಳ ನಡುವೆ ಸಿಕ್ಕಿತು. ಕೊನೆಯದು ₹74.34, ಬೇರೆ ಬ್ಯಾಂಕಿನ ಎಟಿಎಂ ಬಳಸಿದ್ದಕ್ಕೆ. ಬೆಂಗಳೂರಿನಂಥ ಮಹಾನಗರದಲ್ಲಿ ಬೇರೆ ಬ್ಯಾಂಕಿನ ಎಟಿಎಂ ತಿಂಗಳಿಗೆ 3 ಸಲ ಉಚಿತ, ನಮ್ಮ ಮಂಗಳೂರಿನಲ್ಲಿ 5 ಸಲ. ಆದರೆ ಶಿಲ್ಕು ಎಷ್ಟಿದೆ ಎಂದು ಸುಮ್ಮನೆ ನೋಡಿದರೂ ಅದು ಎಣಿಕೆಗೆ ಸೇರುತ್ತದೆ. ಹತ್ತು ಸಾವಿರಕ್ಕಿಂತ ಕೆಳಗಿಳಿದೀತೆಂಬ ಭಯಕ್ಕೆ ನಾನು ಪ್ರತಿಸಲ ನೋಡಿಯೇ ತೆಗೆಯುತ್ತಿದ್ದೆ!

ಬಸ್ ನಿಲ್ದಾಣಕ್ಕೂ ಬ್ಯಾಂಕಿನದೇ ಹೆಸರಿದ್ದು, ಕಂಡಕ್ಟರ್‌ಗಳು ದಿನವಿಡೀ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುವ ಊರು ಇದು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಮಂಗಳೂರು–ಉಡುಪಿಯ ಈ ಮಣ್ಣಿನಲ್ಲೇ. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆಬಾಗಿಲಿಗೆ ದುಡ್ಡು ಸಂಗ್ರಹಿಸುವ ಪಿಗ್ಮಿಯವರನ್ನು ಕಳಿಸುವ ಪದ್ಧತಿ 1928ರಲ್ಲಿ ಶುರುವಾದದ್ದೂ ಇಲ್ಲೇ. ತೊಕ್ಕೊಟ್ಟಿನಲ್ಲಿ ನನ್ನ ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ ದಿನಕ್ಕೆ ಒಂದು ರೂಪಾಯಿಯಂತೆ ಪಿಗ್ಮಿಗೆ ಹಾಕಿಯೇ ನನ್ನ ಶಾಲೆಯ ಶುಲ್ಕ ಕಟ್ಟಿದವಳು. ದಂಡದ ವಿಷಯ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: “ದುಡ್ಡು ಇಲ್ಲದಿದ್ದರೆ ದಂಡ ಯಾಕೆ ಮಾರಾಯ್ತಿ, ಇದ್ದವರ ಹತ್ತಿರ ಅಲ್ಲವಾ ತೆಗೆಯಬೇಕಾದ್ದು?”

ಹಳೆಯದನ್ನು ಮುಚ್ಚುವ ಮೊದಲು ಬೇರೆ ಮೂರು ಖಾತೆ ತೆರೆದು, ನಾಲ್ಕನ್ನೂ ಜತೆಯಲ್ಲಿ ನಡೆಸಿದೆ.

ಮೊದಲು ಹೋದದ್ದು ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಗೆ. ಅಂಚೆ ಉಳಿತಾಯ ಖಾತೆಗೆ ₹500 ಸಾಕು. ಆರ್ಥಿಕ ವರ್ಷದ ಕೊನೆಯಲ್ಲಿ ಅಷ್ಟು ಇರದಿದ್ದರೆ ₹50 ಕಡಿತ. ತಿಂಗಳ ಸರಾಸರಿಯ ತಲೆನೋವು ಇಲ್ಲ. ಬಡ್ಡಿ ಶೇ 4. 2025ರ ಜೂನ್‌ನಲ್ಲಿ ದೊಡ್ಡ ಬ್ಯಾಂಕುಗಳು ಉಳಿತಾಯದ ಬಡ್ಡಿಯನ್ನು ಶೇ 2.5ಕ್ಕೆ ಇಳಿಸಿದ ಮೇಲೆ ಈ ನಾಲ್ಕಕ್ಕೆ ಇನ್ನಷ್ಟು ತೂಕ ಬಂತು. ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಬೇಕು: ಬಡ್ಡಿ ಲೆಕ್ಕ ಹಾಕುವುದು ತಿಂಗಳ 10ರಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ. 11ರಂದು ಹಾಕಿದ ಹಣಕ್ಕೆ ಆ ತಿಂಗಳು ಬಡ್ಡಿ ಇಲ್ಲ, 28ರಂದು ತೆಗೆದರೂ ಇಲ್ಲ. ಹಾಗಾಗಿ ಇದು ಓಡಾಡುವ ಹಣಕ್ಕಲ್ಲ, ಕೂರುವ ಹಣಕ್ಕೆ. ಕಾರ್ಡ್ ಬೇಕಾದರೆ ಬೇರೆ ಶುಲ್ಕವಿದೆ, ನಾನು ತೆಗೆದುಕೊಳ್ಳಲಿಲ್ಲ. ತೆಗೆಯುವುದು ಸ್ವಲ್ಪ ಕಷ್ಟವಾಗಿದ್ದರೇ ನನಗೆ ಒಳ್ಳೆಯದು.

ಎರಡನೆಯದು ಅದೇ ಅಂಚೆ ಕಚೇರಿಯಲ್ಲಿ ಸಿಗುವ, ಆದರೆ ಬೇರೆಯೇ ಸಂಸ್ಥೆಯಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್. 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದದ್ದು. ಇವೆರಡನ್ನೂ ಒಂದೇ ಎಂದು ತಿಳಿದವರು ಬಹಳ. ನಾನೂ ಹಾಗೇ ತಿಳಿದಿದ್ದೆ. ಇಲ್ಲಿ ಶಿಲ್ಕು ಸೊನ್ನೆಯಾದರೂ ದಂಡವಿಲ್ಲ. ಬಡ್ಡಿ ಹೇಳಿಕೊಳ್ಳುವಂಥದ್ದಲ್ಲ. ದಿನದ ಕೊನೆಗೆ ₹2 ಲಕ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ನನಗೆ ಆ ಮಿತಿಯ ಚಿಂತೆ ಯಾವ ಜನ್ಮಕ್ಕೋ. ಮೊಬೈಲ್‌ನಲ್ಲಿ ಮೀನಿನವರಿಗೆ, ಬಸಳೆ ಮಾರುವವರಿಗೆ ಹಣ ಕಳಿಸಲು ಇದೇ ಈಗ ನನ್ನ ಚಿಲ್ಲರೆ ಡಬ್ಬಿ.

ಅಮ್ಮನಿಗೂ ಇದರಲ್ಲೇ ಮಾಡಿಸಿದೆ. ಅಂಚೆಯಣ್ಣ ಮನೆಗೇ ಬಂದು ಹಣ ಕೊಡುತ್ತಾರೆ. ಆ ಸೇವೆಗೆ ಪ್ರತ್ಯೇಕ ಶುಲ್ಕವಿದೆ, ರಿಕ್ಷಾ ಬಾಡಿಗೆಗಿಂತ ಕಡಿಮೆ. ಮೊದಲ ದಿನ ಬೆರಳಚ್ಚಿನ ಯಂತ್ರಕ್ಕೆ ಅಮ್ಮನ ಹೆಬ್ಬೆರಳು ಸಿಗಲೇ ಇಲ್ಲ. ಮೂವತ್ತು ವರ್ಷ ಬೀಡಿ ಎಲೆ ಸುರುಟಿದ ಕೈ, ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಬಲಗೈ ಆಯಿತು, ಎಡಗೈ ಆಯಿತು, ಸೆರಗಿನಲ್ಲಿ ಒರೆಸಿ ಮತ್ತೆ ಇಟ್ಟದ್ದಾಯಿತು. ಕೊನೆಗೆ ಎಡಗೈಯ ಉಂಗುರದ ಬೆರಳು ಒಪ್ಪಿಗೆಯಾಯಿತು. ಅಂದಿನಿಂದ ಆ ಬೆರಳಿಗೆ ಮನೆಯಲ್ಲಿ ‘ಬ್ಯಾಂಕಿನ ಬೆರಳು’ ಎಂದೇ ಹೆಸರು.

ಇಲ್ಲಿ ಇನ್ನೊಂದು ವಿಷಯ. ಹೊಸ ಖಾತೆ ತೆರೆಯುವಾಗ ಸರಕಾರದ ಹಣ ಈ ಖಾತೆಗೇ ಬರಲಿ ಎಂದು ಆಧಾರ್ ಜೋಡಣೆಗೆ ಒಪ್ಪಿದರೆ, ಮುಂದಿನ ಕಂತುಗಳು ಹಳೆಯದನ್ನು ಬಿಟ್ಟು ಇಲ್ಲಿಗೇ ಬರುತ್ತವೆ. ಅಮ್ಮನ ಗೃಹಲಕ್ಷ್ಮಿಯ ₹2,000 ಬಂದಿಲ್ಲವೆಂದು ಎರಡು ತಿಂಗಳು ಹಳೆಯ ಪಾಸ್‌ಬುಕ್ ಹಿಡಿದು ಅಲೆದೆವು. ಹಣ ಹೊಸ ಖಾತೆಯಲ್ಲಿ ಹಾಯಾಗಿ ಕುಳಿತಿತ್ತು.

ಮೂರನೆಯದಕ್ಕೆ ನಾನು ಹೆಚ್ಚು ಬೆವರು ಸುರಿಸಿದ್ದು: ಮೂಲಭೂತ ಉಳಿತಾಯ ಖಾತೆ. 2012ರಿಂದ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಇದನ್ನು ಕಡ್ಡಾಯ ಮಾಡಿದೆ. ಕನಿಷ್ಠ ಶಿಲ್ಕು ಬೇಡ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ, ಹಣ ಎಷ್ಟು ಸಲವಾದರೂ ಹಾಕಬಹುದು, ತಿಂಗಳಿಗೆ ಕನಿಷ್ಠ 4 ಸಲ ಉಚಿತವಾಗಿ ತೆಗೆಯಬಹುದು. ಇಷ್ಟೆಲ್ಲ ಇದ್ದೂ ಯಾವ ಶಾಖೆಯ ಗೋಡೆಯಲ್ಲೂ ಇದರ ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಮೊದಲು ಹೋದ ಶಾಖೆಯಲ್ಲಿ, “ಅದು ಬಡವರಿಗೆ ಮೇಡಂ, ನಿಮಗಲ್ಲ” ಎಂದರು. ಬಡವಳಲ್ಲ ಎಂದು ಅನ್ನಿಸಿಕೊಂಡು ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಆದಾಯದ ಷರತ್ತು ಇಲ್ಲವೆಂದು ರಿಸರ್ವ್ ಬ್ಯಾಂಕಿನ ಪ್ರಶ್ನೋತ್ತರವನ್ನು ಮೊಬೈಲ್‌ನಲ್ಲಿ ತೋರಿಸಿದೆ. “ಮ್ಯಾನೇಜರ್ ರಜೆಯಲ್ಲಿದ್ದಾರೆ” ಎಂದರು. ಎರಡನೆಯ ಶಾಖೆಯಲ್ಲಿ ಹುಡುಗಿಯೊಬ್ಬಳು ಮರುಮಾತಿಲ್ಲದೆ ಅರ್ಜಿ ಕೊಟ್ಟಳು. ಆಗ ಅವಳು ಹೇಳಿದ ನಿಯಮ ಒಂದೇ: ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು, ಇದ್ದರೆ 30 ದಿನದೊಳಗೆ ಮುಚ್ಚಬೇಕು.

ಆ ನಾಲ್ಕು ಸಲದ ಎಣಿಕೆಗೆ ಏನೇನು ಸೇರುತ್ತದೆ ಎಂದು ತೆರೆಯುವಾಗಲೇ ಕೇಳಿ. ನಾನು ಸಂಬಳವನ್ನು ಇದಕ್ಕೆ ಹಾಕಿ, ಬಾಡಿಗೆಗೆ ಒಮ್ಮೆ, ಚಿಲ್ಲರೆ ಡಬ್ಬಿಗೆ ಒಮ್ಮೆ, ಅಂಚೆಗೆ ಒಮ್ಮೆ ತೆಗೆಯುತ್ತೇನೆ. ಒಂದು ಸಲ ಆಪತ್ತಿಗೆಂದು ಉಳಿಯುತ್ತದೆ.

ಈ ಗುದ್ದಾಟ ಮುಗಿಸಿ ಎರಡು ತಿಂಗಳಾಗಿರಲಿಲ್ಲ, 2025ರ ಜೂನ್ 1ರಿಂದ ಕೆನರಾ ಬ್ಯಾಂಕ್ ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಶಿಲ್ಕಿನ ದಂಡವನ್ನೇ ಕೈಬಿಟ್ಟಿತು. ಸ್ಟೇಟ್ ಬ್ಯಾಂಕ್ 2020ರಲ್ಲೇ ಬಿಟ್ಟಿತ್ತು. ಜುಲೈಯಲ್ಲಿ ಇನ್ನೂ ಕೆಲವು ಸಾರ್ವಜನಿಕ ಬ್ಯಾಂಕುಗಳು ಬಿಟ್ಟವು. 2023–24ಕ್ಕೆ ಕೊನೆಗೊಂಡ ಐದು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಈ ದಂಡದಿಂದ ಸುಮಾರು ₹8,500 ಕೋಟಿ ತೆಗೆದಿದ್ದವು ಎಂದು ಸಂಸತ್ತಿನಲ್ಲೇ ಉತ್ತರ ಬಂದಿತ್ತು. ಹಾಗಾಗಿ ಅರ್ಜಿ ಹಿಡಿದು ವಾದಿಸುವ ತ್ರಾಣ ಇಲ್ಲದವರಿಗೆ ಇಂಥ ಬ್ಯಾಂಕಿನ ಸಾಮಾನ್ಯ ಖಾತೆಯೇ ಸಾಕು. ಕಾರ್ಡ್ ಮತ್ತು ಎಸ್ಎಂಎಸ್ ಶುಲ್ಕವನ್ನು ಮಾತ್ರ ಕೇಳಿಕೊಳ್ಳಿ. ನಾನು ಮೂಲಭೂತ ಖಾತೆಯನ್ನು ಬಿಡುವುದಿಲ್ಲ.

ಅಂಗಡಿಗೆ ಬರುವ ಸೊಸೈಟಿಯ ಪಿಗ್ಮಿಯವರು, “ನಮ್ಮಲ್ಲೇ ಇಡಿ ಅಕ್ಕ, ಬಡ್ಡಿ ಜಾಸ್ತಿ” ಎಂದರು. ಬ್ಯಾಂಕಿನ ಠೇವಣಿಗೆ ₹5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸೊಸೈಟಿಗಳಿಗೆ ಇಲ್ಲ. ದಿನಕ್ಕೆ ₹50 ಕೊಡುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ಡಿಸೆಂಬರ್‌ನಲ್ಲಿ ಹೊಸ ಮೂರೂ ಖಾತೆಗಳ ಲೆಕ್ಕ ಕೂಡಿಸಿದೆ. ನನ್ನ ಕಡೆಯಿಂದ ಹೋದ ಶುಲ್ಕ ಸೊನ್ನೆ. ಮರುದಿನ ಹಳೆಯ ಬ್ಯಾಂಕಿಗೆ ಕಾರ್ಡು, ಉಳಿದ ಚೆಕ್ ಹಾಳೆಗಳನ್ನು ಹಿಡಿದು ಹೋದೆ. ವರ್ಷ ದಾಟಿದ ಖಾತೆಯಾದ್ದರಿಂದ ಮುಚ್ಚಲು ಶುಲ್ಕ ಇರಲಿಲ್ಲ. ಅರ್ಜಿಯಲ್ಲಿ ‘ಕಾರಣ’ ಎಂದು ಬರೆಯಲು ಅರ್ಧ ಗೆರೆಯಷ್ಟು ಜಾಗ ಬಿಟ್ಟಿದ್ದರು. ₹1,117.46 ಎಂದು ಬರೆದು ಸಹಿ ಹಾಕಿದೆ.