ಕಾಡಿನ ಕೋಕೋ, ತೋಟದ ಕೋಕೋ: ಯಾವ ಡಾರ್ಕ್ ಚಾಕೊಲೇಟ್ ಕೊಳ್ಳಬೇಕು?

ಚಿಕ್ಕಮಗಳೂರಿನಲ್ಲಿ ಒಳ್ಳೆಯ ಡಾರ್ಕ್ ಚಾಕೊಲೇಟ್ ಹುಡುಕುವವರ ಮುಂದೆ ಎರಡು ಬಗೆಗಳಿವೆ: ಬೊಲಿವಿಯಾದ ಬೇನಿ ಮಳೆಕಾಡಿನಲ್ಲಿ ತಾನಾಗಿ ಬೆಳೆದ ಮರಗಳ ಕೋಕೋ, ಇಲ್ಲವೇ ದಕ್ಷಿಣ ಕನ್ನಡದ ಅಡಿಕೆ ತೋಟಗಳ ಕೋಕೋ.

ಕಾಡಿನ ಬೀಜ ಚಿಕ್ಕದು, ಇಳುವರಿ ಕಡಿಮೆ. ಹಾಗಾಗಿ ಬೆಲೆ ಹೆಚ್ಚು. ಆದರೆ ರುಚಿ! ತುಂಡನ್ನು ಅಗಿಯದೆ ನಾಲಿಗೆಯ ಮೇಲೆ ಕರಗಲು ಬಿಡಿ. ಮೊದಲು ಹಣ್ಣಿನ ಹುಳಿ, ಆಮೇಲೆ ಜೇನಿನ ಸುಳಿವು. ಕಹಿ ಬರುವುದು ಕೊನೆಗೆ, ಅದೂ ಮೆತ್ತಗೆ. ಹಾಲು ಬೆರೆಸದ ಅರೇಬಿಕಾ ಕಾಫಿ ಕುಡಿಯುವವರು ಕಣ್ಣು ಮುಚ್ಚಿ ಇದನ್ನೇ ಕೊಳ್ಳಲಿ.

ತೋಟದ್ದು ಗಡುಸು, ಕಹಿಯೇ ಮುಂದು. ಹಾಲಿನ ಫಿಲ್ಟರ್ ಕಾಫಿಯ ಜೊತೆಗೂ ಮನೆಯ ಕೇಕ್‌ಗೂ ಅದೇ ಸರಿ. ಕಾಡಿನದನ್ನು ಕೇಕ್‌ಗೆ ಸುರಿಯುವುದು ಅನ್ಯಾಯ.

ಹೊದಿಕೆಯ ಮೇಲೆ ಕೋಕೋ ಬೀಜದ್ದೇ ಕೊಬ್ಬಿನ ಬದಲು ಬೇರೆ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಯಾವುದನ್ನೂ ಕೊಳ್ಳಬೇಡಿ.